ಅರುವತ್ತುನಾಲ್ಕು ಮನೆಗಳ ಅರಸರು

ಮುಮ್ಮಡಿ ಕೃಷ್ಣರಾಜ ಒಡೆಯರನ್ನು ವಿನೋದಪ್ರಿಯರಾದ ದೊರೆಗಳೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರುಂಟು. ಆ ಮಾತಿನ ಹಿಂದಿರುವ ಲಘುಭಾವವನ್ನು ನಾನು ಒಪ್ಪಲಾರೆ. ವಿನೋದವು ಎಂತಹದೆಂಬುದನ್ನು ಅರಿಯದೆ ಅವರ ಬಾಳನ್ನು ತೂಗುವುದು ನ್ಯಾಯವಲ್ಲ.

1794ರಲ್ಲಿ ಜನಿಸಿದ ಇವರಿಗೆ 1799ರಲ್ಲಿ, ಟಿಪ್ಪು ಸುಲ್ತಾನರು ಮಡಿದ ಕೆಲವೇ ವಾರಗಳಲ್ಲಿ, ಪಟ್ಟವಾಯಿತು. ಆಗಿನ್ನೂ ಐದು ವರ್ಷ ತುಂಬಿರಲಿಲ್ಲ. ದಿವಾನ್ ಪೂರ್ಣಯ್ಯನವರ ತರುವಾಯ ಸುಮಾರು ಇಪ್ಪತ್ತು ವರ್ಷ ತಾವೇ ಆಳಿದರು. ನಗರದ ರೈತರ ದಂಗೆಯ ಬೆನ್ನಿಗೆ, 1831ರಲ್ಲಿ, ಕಂಪೆನಿಯವರು ಆಡಳಿತವನ್ನು ಕಿತ್ತುಕೊಂಡರು. ಅರಮನೆ ಉಳಿಯಿತು, ಬಿರುದು ಉಳಿಯಿತು, ಅಧಿಕಾರ ಉಳಿಯಲಿಲ್ಲ. ಆಗ ಅವರಿಗೆ ಮೂವತ್ತೇಳು. ಮುಂದೆ ಬದುಕಬೇಕಾಗಿದ್ದುದೂ ಹೆಚ್ಚುಕಡಿಮೆ ಅಷ್ಟೇ ವರ್ಷ.

ರಾಜ್ಯವನ್ನು ಮರಳಿ ಕೊಡಬೇಕೆಂದು ಅವರು ಮತ್ತೆ ಮತ್ತೆ ಮನವಿ ಮಾಡಿಕೊಂಡರು. ಅದರೊಡನೆ ವಿದ್ವಾಂಸರನ್ನೂ ಕಲಾವಿದರನ್ನೂ ಪೋಷಿಸಿದರು; ಗಂಜೀಫದ ಎಲೆಗಳಿಗೂ ಹಾಸಿನ ಆಟಗಳಿಗೂ ಹೊಸ ಹೊಸ ರೂಪಗಳನ್ನು ಕಲ್ಪಿಸಿದರು. ದೇವತೆಗಳ ಲಕ್ಷಣವನ್ನು ವರ್ಣಿಸುವ ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೆ ಮೀಸಲಾದುದು. ಆಟವನ್ನು ಅವರು ಎಷ್ಟು ಗೌರವದಿಂದ ಕಂಡರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅವರ ಬುದ್ಧಿಯ ಹರವನ್ನು ತೋರುವುದು ಚದುರಂಗದ ಕುದುರೆಯ ಓಟ. ಕುದುರೆಯು ತನ್ನ ಓರೆನಡೆಯಿಂದ 64 ಮನೆಗಳನ್ನೂ ಮೆಟ್ಟಬೇಕು, ಯಾವ ಮನೆಯನ್ನೂ ಎರಡನೆಯ ಸಲ ಮೆಟ್ಟಬಾರದು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ಇದು ಪದ್ಯಬಂಧವಾಗಿ ಬಂದಿದೆ. ಒಡೆಯರು ಇದಕ್ಕೆ ಇನ್ನೊಂದು ಕಟ್ಟನ್ನು ಸೇರಿಸಿಕೊಂಡರು: ಮೆಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕೆ ಹಾಕಿದರೆ, ಪ್ರತಿಯೊಂದು ಅಡ್ಡಸಾಲೂ ಉದ್ದಸಾಲೂ ಕೂಡಿ 260 ಆಗಬೇಕು. ಅಂತಹ ಓಟವನ್ನು ಅವರು ಸಾಧಿಸಿದರು. ಕರ್ಣಸಾಲುಗಳೆರಡೂ ಅದೇ ಮೊತ್ತಕ್ಕೆ ಬರುವ ಓಟವು ಅಸಾಧ್ಯವೆಂಬುದು 2003ರಲ್ಲಿ ಗಣಕಯಂತ್ರದ ನೆರವಿನಿಂದ ತಿಳಿದುಬಂದಿತು.

ಪಗಡೆಗಿಂತ ಈ ಆಟವೇ ಮೇಲೆಂದು ನನ್ನ ಅಭಿಪ್ರಾಯ. ಪಗಡೆಯಲ್ಲಿ ಸೋತವನು ದಾಳವನ್ನು ದೂರಬಹುದು. ಇಲ್ಲಿ ದೂರುವುದಕ್ಕೆ ದಾಳವೂ ಇಲ್ಲ, ಎದುರಾಳಿಯೂ ಇಲ್ಲ. ವಿದ್ಯಾರ್ಥಿಗಳು ಒಂದು ಹಾಳೆಯಲ್ಲಿ ಮನೆಗಳನ್ನು ಗೀಚಿಕೊಂಡು ಪ್ರಯತ್ನಿಸಲಿ. ನಡುವಿನ ಮನೆಯಿಂದ ಕುದುರೆಗೆ ಎಂಟು ದಾರಿ, ಮೂಲೆಯಿಂದ ಎರಡೇ ದಾರಿ. ಆದುದರಿಂದ ಮುಂದಿನ ದಾರಿಗಳು ಕಡಮೆಯಿರುವ ಮನೆಗೆ ಮೊದಲು ಹೋಗಬೇಕು. ಸುಲಭವಾದುದನ್ನು ಮೊದಲು ಮುಗಿಸಿಕೊಂಡವನು ಕಡೆಗೆ ಮೂಲೆಯನ್ನು ಸೇರಲಾರದೆ ಸಿಕ್ಕಿಬೀಳುತ್ತಾನೆ.

ಒಡೆಯರು 1868ರಲ್ಲಿ ತೀರಿಕೊಂಡರು. ರಾಜ್ಯವು ಮರಳಿ ಬಂದುದು 1881ರಲ್ಲಿ, ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರ ಕೈಗೆ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಆದರೆ ಆಜ್ಞೆ ಮಾಡುವ ಅಧಿಕಾರ ಹೋದ ಮೇಲೆಯೂ ಆಲೋಚಿಸುವ ಅಧಿಕಾರವನ್ನು ಅವರು ಯಾರಿಗೂ ಒಪ್ಪಿಸಲಿಲ್ಲ. ಅದನ್ನು ಬರಿಯ ವಿನೋದವೆಂದು ಕರೆಯಲು ನನಗೆ ಮನಸ್ಸು ಬಾರದು.