ವೈನು ಬಪ್ಪು ಮತ್ತು ಖಾಲಿ ರಾತ್ರಿಗಳ ಲೆಕ್ಕ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಬಗ್ಗೆ ಬರೆಯಲು ಕಾರಣ ನಮ್ಮ ಅಬ್ಬಾನ ಅಂಗಡಿಯ ಲೆಕ್ಕದ ಪುಸ್ತಕ. ದಾಂಡೇಲಿಯ ಮಳೆ ನಿಮಗೆಲ್ಲ ಗೊತ್ತು. ಕಳೆದ ಮಳೆಗಾಲದಲ್ಲಿ ಎಷ್ಟೋ ದಿನ ಅಂಗಡಿ ತೆರೆಯಲಿಲ್ಲ. ಪ್ರಾಜೆಕ್ಟಿಗೆ ವ್ಯಾಪಾರದ ಪಟ್ಟಿ ಮಾಡುವಾಗ ಆ ಖಾಲಿ ದಿನಗಳಿಗೆ ನಾನೇ ಸರಾಸರಿ ಅಂಕಿ ತುಂಬಿಬಿಟ್ಟೆ. ಆಗದ ವ್ಯಾಪಾರವನ್ನು ಯಾಕೆ ಬರೆದೆ ಎಂದು ಅಬ್ಬಾ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರಗಳನ್ನು ಗಮನಿಸಿ ಬಪ್ಪು ವಿದ್ಯಾರ್ಥಿಯಾಗಿದ್ದಾಗಲೇ ಲೇಖನ ಪ್ರಕಟಿಸಿದರು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಿಂದ ಹಾರ್ವರ್ಡ್‌ಗೆ ಹೋದರು. 1949ರಲ್ಲಿ ಅವರು ಕಂಡ ಧೂಮಕೇತುವಿಗೆ ಬಪ್ಪು-ಬಾಕ್-ನ್ಯೂಕರ್ಕ್ ಎಂಬ ಹೆಸರು ಬಂತು.

ದೊಡ್ಡ ಅವಕಾಶಗಳಿದ್ದರೂ ಅವರು ದೇಶಕ್ಕೆ ಮರಳಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ತಮಿಳುನಾಡಿನ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನು ಬೆಳೆಸಿದವರೂ ಅವರೇ.

ಆದರೆ ಎಷ್ಟು ದೊಡ್ಡ ದೂರದರ್ಶಕವಿದ್ದರೂ ಮೋಡ ಕವಿದರೆ ಆ ರಾತ್ರಿ ಖಾಲಿ. ನಕ್ಷತ್ರದ ಬೆಳಕು ಎಷ್ಟು ದಿನಕ್ಕೊಮ್ಮೆ ಏರಿಳಿಯುತ್ತದೆ ಎಂದು ತಿಳಿಯುವ ಸಾಮಾನ್ಯ ಲೆಕ್ಕಕ್ಕೆ ಸಮಾನ ಅಂತರದ ಅಂಕಿಗಳು ಬೇಕು. ಇದಕ್ಕೆ 1976ರಲ್ಲಿ ಲೋಂಬ್, 1982ರಲ್ಲಿ ಸ್ಕಾರ್ಗಲ್ ಎಂಬವರು ದಾರಿ ತೋರಿಸಿದರು. ಒಂದೊಂದೇ ಅವಧಿಯನ್ನು ತೆಗೆದುಕೊಂಡು, ಅದರ ಅಲೆ ನಿಜವಾಗಿ ನೋಡಿದ ರಾತ್ರಿಗಳ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂದು ಪರೀಕ್ಷಿಸಬೇಕು. ಖಾಲಿ ರಾತ್ರಿ ಖಾಲಿಯಾಗಿಯೇ ಇರಲಿ. ನೋಡಿದ ಸಮಯ ಮಾತ್ರ ಸರಿಯಾಗಿ ಬರೆದಿರಬೇಕು. ಆದರೂ ಎಚ್ಚರ ಬೇಕು. ರಾತ್ರಿ ಮಾತ್ರ ನೋಡುವುದರಿಂದ ಇಲ್ಲದ ಅವಧಿಗಳೂ ಇದ್ದಂತೆ ಕಾಣುತ್ತವೆ.

ಅದೇ 1982ರ ಆಗಸ್ಟ್ 19ರಂದು ಬಪ್ಪು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಅವರು ಕನಸು ಕಂಡ 2.34 ಮೀಟರ್ ದೂರದರ್ಶಕ ಆಗ ಪೂರ್ಣಗೊಂಡಿರಲಿಲ್ಲ. 1986ರಲ್ಲಿ ಅದಕ್ಕೆ ಅವರ ಹೆಸರಿಟ್ಟರು.

ಇದನ್ನೆಲ್ಲ ಓದಿದ ಮೇಲೆ ಸರ್ ಹತ್ತಿರ ನಿಜ ಹೇಳಿ ಪ್ರಾಜೆಕ್ಟ್ ವಾಪಸ್ ತಂದೆ. ತುಂಬಿದ ಅಂಕಿಗಳನ್ನು ಹೊಡೆದುಹಾಕಿ, ಅಂಗಡಿ ಮುಚ್ಚಿದ ದಿನಗಳನ್ನು ಹಾಗೆಯೇ ಬರೆದೆ. ನನ್ನ ಸರಾಸರಿಯಲ್ಲಿ ಮುಚ್ಚಿಹೋಗಿದ್ದ ಸಂತೆ ದಿನದ ಏರಿಕೆ ಈಗ ಸ್ಪಷ್ಟವಾಗಿ ಕಾಣಿಸಿತು. ಪಟ್ಟಿ ಮೊದಲಿಗಿಂತ ಚಿಕ್ಕದಾಯಿತು. ಆದರೆ ಅಬ್ಬಾ ಈ ಸಲ ಅದನ್ನು ಪೂರ್ತಿ ಓದಿ ತಲೆಯಾಡಿಸಿದರು.