ಕಾಲ್ಚೆಂಡಿನ ಗುರು ರಹೀಮ್ ಸಾಹೇಬರು

ಗೋಲು ಹೊಡೆದ ಆಟಗಾರನ ಹೆಸರು ಜನರ ಬಾಯಲ್ಲಿ ಉಳಿಯುತ್ತದೆ. ಅವನನ್ನು ಆರಿಸಿ, ತಿದ್ದಿ, ತಕ್ಕ ಜಾಗದಲ್ಲಿ ನಿಲ್ಲಿಸಿದವರ ಹೆಸರು ಬೇಗ ಮರೆಯಾಗುತ್ತದೆ. ನಮ್ಮ ದೇಶದ ಕಾಲ್ಚೆಂಡಿನಾಟದ ಚರಿತ್ರೆಯಲ್ಲಿ ಹೀಗೆ ಬಹುಕಾಲ ಮರೆಯಲ್ಲಿ ಉಳಿದವರು ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್ ಸಾಹೇಬರು. 2024ರಲ್ಲಿ ಅವರ ಬಾಳನ್ನು ಆಧರಿಸಿದ ‘ಮೈದಾನ್’ ಎಂಬ ಹಿಂದಿ ಚಿತ್ರ ತೆರೆಕಂಡ ಮೇಲೆ ನಮ್ಮ ವಯಸ್ಸಿನ ಅನೇಕರಿಗೆ ಅವರ ಹೆಸರಿನ ಪರಿಚಯವಾಯಿತು. ಚಿತ್ರ ತೋರಿಸುವುದು ಬಹುಮಟ್ಟಿಗೆ ಪಂದ್ಯಗಳನ್ನು. ನಾನು ಇಲ್ಲಿ ಹೇಳಬೇಕೆಂದಿರುವುದು ಪಂದ್ಯಗಳಿಲ್ಲದ ದಿನಗಳಲ್ಲಿ ಅವರು ಮಾಡಿದ ಕೆಲಸವನ್ನು. ತಂಡವೆಂಬುದು ಕಟ್ಟಲ್ಪಡುವುದು ಆ ದಿನಗಳಲ್ಲಿಯೇ ಎಂದು ನಾನು ನಂಬಿದ್ದೇನೆ.

ಈ ನಂಬಿಕೆಯನ್ನು ನನಗೆ ಮೊದಲು ಕಲಿಸಿದ್ದು ಆಟದ ಮೈದಾನವಲ್ಲ, ನಮ್ಮೂರಿನ ಎರಿ ಹೊಲ. ನಾನು ಬಸವನ ಬಾಗೇವಾಡಿ ಸೀಮೆಯ ಮುಳವಾಡದವನು. ಕೃಷ್ಣೆಯ ನೀರನ್ನು ಮೇಲಕ್ಕೆತ್ತುವ ದೊಡ್ಡ ಯೋಜನೆಗೆ ಇಂದು ನಮ್ಮೂರಿನ ಹೆಸರಿದೆ. ಆದರೆ ನಮ್ಮ ಹಿರಿಯರು ಬದುಕಿದ್ದು ಮಳೆಯನ್ನು ನಂಬಿ. ಮುಂಗಾರಿನಲ್ಲಿ ಅವರು ಎರಿ ಹೊಲವನ್ನು ಬಿತ್ತದೆ ಬಿಡುತ್ತಿದ್ದರು. ಹೊರಗಿನವರಿಗೆ ಅದು ಬೀಳುಬಿಟ್ಟ ನೆಲದಂತೆ ಕಾಣುತ್ತದೆ. ಒಕ್ಕಲುತನ ಬಲ್ಲವನಿಗೆ ಗೊತ್ತು: ಮಳೆ ಬಿದ್ದಂತೆಲ್ಲ ಕುಂಟೆ ಹೂಡಿ ಹರಗಿ, ಕಸ ಕೀಳಿಸಿ, ಹಸಿ ಆರದಂತೆ ಕಾಯ್ದರೆ ಮಾತ್ರ ಹಿಂಗಾರಿಯಲ್ಲಿ ಬಿಳಿಜೋಳ ಏಳುತ್ತದೆ. ಬೆಳೆ ಇಲ್ಲದ ತಿಂಗಳುಗಳಲ್ಲಿ ದುಡಿಯದವನಿಗೆ ಬೆಳೆಯ ತಿಂಗಳು ಏನನ್ನೂ ಕೊಡುವುದಿಲ್ಲ. ರಹೀಮ್ ಸಾಹೇಬರ ಜೀವನವನ್ನು ಓದಿದಾಗ ನನಗೆ ಈ ಹರಗುವ ಕೆಲಸವೇ ನೆನಪಾಯಿತು.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನದ ರಾಜಧಾನಿ. ನಮ್ಮ ಇಂಡಿ, ಸಿಂದಗಿ ತಾಲೂಕುಗಳ ಮೂಡಣ ಗಡಿಯಾಚೆಗಿನ ಗುಲಬರ್ಗಾ ಸೀಮೆಯೆಲ್ಲ ಆ ಸಂಸ್ಥಾನದಲ್ಲಿಯೇ ಸೇರಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಿ.ಎ. ಪದವಿ ಪಡೆದ ಅವರು, ವಿದ್ಯಾರ್ಥಿ ದೆಸೆಯಲ್ಲಿ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಮುಂದೆ ಕಮರ್ ಕ್ಲಬ್ಬಿನಲ್ಲಿಯೂ ಆಡಿದರು. ವೃತ್ತಿಯಿಂದ ಅವರು ಶಾಲಾಮಾಸ್ತರರು. ಕಾಚಿಗುಡ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿದರು; ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದ ಮೇಲೆ ದಾರುಲ್ ಉಲೂಮ್ ಮತ್ತು ಚಾದರಘಾಟ ಹೈಸ್ಕೂಲುಗಳಲ್ಲಿ ಆಟಪಾಠಗಳ ಹೊಣೆ ಹೊತ್ತರು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು. ಅವರು ಕೊನೆಯವರೆಗೂ ತಂಡವನ್ನು ನೋಡಿದ್ದು ಒಬ್ಬ ಮಾಸ್ತರನ ಕಣ್ಣಿನಿಂದ. ಯಾವ ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಏನನ್ನು ಕಲಿಸಿದರೆ ಬಂದೀತು ಎಂಬುದೇ ಅವರ ಲೆಕ್ಕವಾಗಿತ್ತು.

1940ರ ದಶಕದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯೂ ಅವರ ಕೈಗೆ ಬಂತು. ಆ ವರ್ಷದಿಂದ 1954ರವರೆಗೆ ಸತತವಾಗಿ ಐದು ಸಲ ಆ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ದಿಲ್ಲಿಯ ಡುರಾಂಡ್ ಕಪ್ಪನ್ನೂ ಮೊದಲ ವರ್ಷವೇ, ಮೋಹನ್ ಬಾಗಾನಿನಂಥ ಹೆಸರಾಂತ ತಂಡವನ್ನು ಸೋಲಿಸಿ ತಂದಿತು. ಇದರ ಗುಟ್ಟು ಅಭ್ಯಾಸದ ರೀತಿಯಲ್ಲಿತ್ತು. ಆ ಕಾಲದಲ್ಲಿ ನಮ್ಮ ಆಟಗಾರರಿಗೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರನ್ನೇ ತಪ್ಪಿಸಿ ಓಡುವ ಚಟ ಬಹಳ. ರಹೀಮ್ ಸಾಹೇಬರು ಅಂಥ ಓಟವನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಚೆಂಡು ಬಂದೊಡನೆ ಜೊತೆಗಾರನಿಗೆ ಸಾಗಿಸಲೇಬೇಕು. ಬಲಗಾಲಿನವನು ಎಡಗಾಲಿನಿಂದ ಮಾತ್ರ, ಎಡಗಾಲಿನವನು ಬಲಗಾಲಿನಿಂದ ಮಾತ್ರ ಆಡಬೇಕಾದ ಪಂದ್ಯಗಳನ್ನೂ ನಡೆಸಿದರು. ದೊಡ್ಡ ಪಂದ್ಯದ ದಿನ ಕಾಲು ತಡವರಿಸದಿರಬೇಕಾದರೆ ಪಂದ್ಯವಿಲ್ಲದ ದಿನ ದುರ್ಬಲ ಕಾಲನ್ನು ದುಡಿಸಬೇಕು ಎಂಬುದು ಅವರ ನೀತಿ.

1951ರ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯಾ ಕ್ರೀಡಾಕೂಟಕ್ಕೆ ಭಾರತ ತಂಡವನ್ನು ಸಿದ್ಧಪಡಿಸಿದವರು ಅವರೇ. ಶೈಲೇನ್ ಮನ್ನಾ ನಾಯಕರಾಗಿದ್ದ ಆ ತಂಡ ಅಂತಿಮ ಪಂದ್ಯದಲ್ಲಿ ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಮಣಿಸಿ ಬಂಗಾರ ಗೆದ್ದಿತು. ಮರುವರ್ಷವೇ ಪೆಟ್ಟು ಬಿತ್ತು. 1952ರ ಜುಲೈಯಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ನಮ್ಮವರಲ್ಲಿ ಹಲವರು ಚಳಿಯ ಆ ನೆಲದ ಮೇಲೆ ಬರಿಗಾಲಲ್ಲಿ ಆಡಿದ್ದರು. ನಮ್ಮ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನರು.

ಇಂಥ ಸೋಲಿನ ನಂತರ ತಂಡವನ್ನು ಹೊತ್ತವನ ಮುಂದೆ ಎರಡು ದಾರಿಗಳಿರುತ್ತವೆ. ವಿಧಿಯನ್ನೂ ಹವೆಯನ್ನೂ ದೂರಿ ಹಳೆಯದನ್ನೇ ಮುಂದುವರಿಸುವುದು ಒಂದು. ಏನೇನು ಬದಲಾಗಬೇಕೆಂದು ಒಂದೊಂದಾಗಿ ಎಣಿಸುವುದು ಇನ್ನೊಂದು. ಹೆಲ್ಸಿಂಕಿಯ ನಂತರ ಬೂಟು ಕಡ್ಡಾಯವಾಯಿತು. ಬೂಟು ಹಾಕಿದ ಮಾತ್ರಕ್ಕೆ ಆಟ ಬದಲಾಗುವುದಿಲ್ಲ. ಬರಿಗಾಲಿಗೆ ಒಗ್ಗಿದ ಆಟಗಾರ ಚೆಂಡಿನ ಸ್ಪರ್ಶವನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ಕಲಿಯಲಾರದವನು ಎಷ್ಟೇ ಹೆಸರಾಗಿದ್ದರೂ ಹಿಂದೆ ಸರಿಯಬೇಕು. ಫಲ ಕೂಡಲೇ ಸಿಗಲಿಲ್ಲ. 1954ರ ಮನಿಲಾ ಏಷ್ಯಾ ಕೂಟದಲ್ಲಿ ಜಪಾನನ್ನು ಗೆದ್ದರೂ ಇಂಡೋನೇಷ್ಯಕ್ಕೆ 4–0ರಿಂದ ಸೋತು ಭಾರತ ಮೊದಲ ಹಂತದಲ್ಲಿಯೇ ಹಿಂದಿರುಗಿತು.

1956ರಲ್ಲಿ ಮೆಲ್ಬರ್ನಿಗೆ ಹೋದ ತಂಡ ಬೇರೆಯೇ ಆಗಿತ್ತು. ಸಮರ್ ಬ್ಯಾನರ್ಜಿ ನಾಯಕರು. ನಡುಸಾಲಿನಲ್ಲಿ ಹೈದರಾಬಾದಿನ ನೂರ್ ಮಹಮ್ಮದರ ಪಕ್ಕದಲ್ಲಿ ನಮ್ಮ ಮೈಸೂರಿನ ಕೆಂಪಯ್ಯನವರು. ಮುಂಬಯಿಯ ನೆವಿಲ್ ಡಿಸೋಜರನ್ನು ಮುಂದಾಳಿನ ಜಾಗದಲ್ಲಿ ನಿಲ್ಲಿಸಲಾಯಿತು. ಡಿಸೆಂಬರ್ 1ರಂದು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ ಭಾರತ 4–2ರಿಂದ ಗೆದ್ದಿತು. ಅವುಗಳಲ್ಲಿ ಮೂರು ಗೋಲುಗಳು ನೆವಿಲ್ಲರವು. ಒಲಿಂಪಿಕ್ಸಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಮೊದಲ ಏಷ್ಯದವರು ಅವರು. ಉಪಾಂತ್ಯದಲ್ಲಿ ಯುಗೊಸ್ಲಾವಿಯದ ಮೇಲೆ ಮೊದಲ ಗೋಲು ನಮ್ಮದೇ ಆದರೂ ಕೊನೆಗೆ 4–1ರ ಸೋಲಾಯಿತು; ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯಕ್ಕೂ ಸೋತು ನಾಲ್ಕನೆಯವರಾದೆವು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ತಿಂದವರು ಈಗ ಜಗತ್ತಿನ ಮೊದಲ ನಾಲ್ವರಲ್ಲಿ ನಿಂತರು. ಒಲಿಂಪಿಕ್ಸಿನಲ್ಲಿ ಭಾರತದ ಕಾಲ್ಚೆಂಡು ಇದಕ್ಕಿಂತ ಮೇಲೆ ಎಂದೂ ಏರಿಲ್ಲ.

ಆಟಗಾರರನ್ನು ಹುಡುಕುವುದರಲ್ಲಿ ರಹೀಮ್ ಸಾಹೇಬರು ಊರು, ಜಾತಿ, ಭಾಷೆಗಳನ್ನು ಕೇಳಿದವರಲ್ಲ. ಸಿಕಂದರಾಬಾದಿನ ಹತ್ತಿರದ ಅಮ್ಮುಗುಡದ ಬಡ ಹುಡುಗ ತುಳಸಿದಾಸ ಬಲರಾಮರಿಗೆ ಅಭ್ಯಾಸದ ಮೈದಾನಕ್ಕೆ ದಿನವೂ ಬಂದುಹೋಗುವ ಖರ್ಚೇ ಭಾರವಾಗಿತ್ತು. ಬಾಡಿಗೆ ಸೈಕಲ್ಲಿನ ಹಣಕ್ಕೆ ರಹೀಮ್ ಸಾಹೇಬರೇ ದಾರಿ ಮಾಡಿದರು. ಆ ಹುಡುಗ ಮುಂದೆ ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿಯವರ ಜೊತೆಗೆ ಭಾರತದ ಮುಂಚೂಣಿಯ ಮೂವರಲ್ಲಿ ಒಬ್ಬರಾದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೇರಿಯ ಮೇಲೆಯೂ ಪೆರುವಿನ ಮೇಲೆಯೂ ಗೋಲು ಹೊಡೆದವರು ಈ ಬಲರಾಮರೇ.

ಅದೇ ರೋಮ್ ತಂಡದ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು: ಎಸ್.ಎಸ್. ಹಕೀಮ್. ಅವರು ರಹೀಮ್ ಸಾಹೇಬರ ಸ್ವಂತ ಮಗ. ಹಂಗೇರಿಗೆ 2–1ರಿಂದ ಸೋಲು, ಫ್ರಾನ್ಸಿನೊಡನೆ 1–1ರ ಸಮಬಲ, ಪೆರುವಿಗೆ 3–1ರಿಂದ ಸೋಲು. ಹೀಗೆ ಮೂರು ಪಂದ್ಯಗಳು ಮುಗಿದವು. ಒಂದರಲ್ಲಿಯೂ ಹಕೀಮರು ಕಣಕ್ಕಿಳಿಯಲಿಲ್ಲ. ಮಗನನ್ನು ಅಷ್ಟು ದೂರ ಕರೆದೊಯ್ದ ತಂದೆ ಅವನನ್ನು ಹೊರಗೇ ಕೂರಿಸಿದರು. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ವಾಯುಸೇನೆಯಲ್ಲಿ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ ಹೆಸರು ಪಡೆದ ಹಕೀಮರು 2021ರ ಆಗಸ್ಟ್ 22ರಂದು ತೀರಿಕೊಂಡದ್ದು ನಮ್ಮ ಕಲಬುರಗಿಯಲ್ಲಿ.

1962ರ ಜಕಾರ್ತ ಏಷ್ಯಾ ಕೂಟದ ವೇಳೆಗೆ ರಹೀಮ್ ಸಾಹೇಬರ ದೇಹವನ್ನು ಕ್ಯಾನ್ಸರ್ ಹಿಡಿದಿತ್ತು. ತಂಡವೂ ನೆಮ್ಮದಿಯಲ್ಲಿರಲಿಲ್ಲ. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ 2–0ರಿಂದ ಸೋಲಿಸಿತು. ಥಾಯ್ಲೆಂಡಿನ ಮೇಲಿನ ಪಂದ್ಯ ಗೆದ್ದೆವು. ಆದರೆ ಹಿಂಬದಿಯ ಗೋಡೆಯಂತಿದ್ದ ಜರ್ನೇಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಆರು ಹೊಲಿಗೆ ಹಾಕಬೇಕಾಯಿತು. ಇದಲ್ಲದೆ ಇಸ್ರೇಲ್ ಮತ್ತು ತೈವಾನುಗಳನ್ನು ಕೂಟಕ್ಕೆ ಸೇರಿಸದ ವಿಷಯದಲ್ಲಿ ಭಾರತದ ಕ್ರೀಡಾಧಿಕಾರಿಯೊಬ್ಬರು ಆಕ್ಷೇಪವೆತ್ತಿದ್ದರಿಂದ ಅಲ್ಲಿಯ ಜನ ನಮ್ಮ ಮೇಲೆ ಕೆರಳಿದ್ದರು.

ಇಲ್ಲಿ ರಹೀಮ್ ಸಾಹೇಬರು ಮಾಡಿದ ನಿರ್ಣಯಗಳನ್ನು ನೋಡಿರಿ. ಜರ್ನೇಲರು ಎಂದೋ ಕಾಲೇಜಿನ ದಿನಗಳಲ್ಲಿ ಮುಂದಾಳಾಗಿ ಆಡಿದ್ದರೆಂಬುದನ್ನು ನೆನೆದು, ಹೊಲಿಗೆ ಹಾಕಿದ ತಲೆಯ ಅವರನ್ನು ಹಿಂಬದಿಯಿಂದ ತೆಗೆದು ಮುಂದೆ ನಿಲ್ಲಿಸಿದರು. ಅವರ ಜಾಗಕ್ಕೆ ಅರುಣ್ ಘೋಷರನ್ನು ಸರಿಸಿದರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮನ್ನು 3–2ರಿಂದ ಗೆದ್ದಾಗ ಜರ್ನೇಲರ ಗೋಲೂ ಅದರಲ್ಲಿತ್ತು. ಆ ಪಂದ್ಯದಲ್ಲಿ ಗೋಲು ಕಾದವರು ಪ್ರದ್ಯುತ್ ಬರ್ಮನ್. ಅಂತಿಮ ಪಂದ್ಯಕ್ಕೆ ಅವರನ್ನು ಬಿಟ್ಟು, ಜ್ವರದಿಂದ ಎದ್ದಿದ್ದ ಎತ್ತರದ ಆಳು ಥಂಗರಾಜರನ್ನು ಆರಿಸಿದರು. ಎದುರಾಳಿ ಮತ್ತೆ ಅದೇ ಕೊರಿಯ, ಮೇಲಿಂದ ಬರುವ ಚೆಂಡಿಗೆ ಎತ್ತರ ಬೇಕು. ಹಿಂದಿನ ರಾತ್ರಿ ಆಟಗಾರರನ್ನು ಕೂಡಿಸಿ ತಮಗೆ ಒಂದು ಉಡುಗೊರೆ ಬೇಕೆಂದು ಕೇಳಿದರಂತೆ. ಅದು ಬಂಗಾರದ ಪದಕ. ಸೆಪ್ಟೆಂಬರ್ 4ರಂದು ಲಕ್ಷದಷ್ಟು ವಿರೋಧಿ ಪ್ರೇಕ್ಷಕರ ಕೂಗಿನ ನಡುವೆ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೇಲ್ ಸಿಂಗ್ ಒಂದು ಗೋಲು ಹೊಡೆದರು. ಕೊರಿಯ ಕೊನೆಯಲ್ಲಿ ಒಂದನ್ನು ಮಾತ್ರ ಹಿಂದಿರುಗಿಸಿತು. ಉಡುಗೊರೆ ಸಂದಿತು.

ಜರ್ನೇಲರನ್ನು ಮುಂದೆ ನಿಲ್ಲಿಸಿದ್ದನ್ನು ಕೆಲವರು ಸಾಹಸವೆಂದು ಹೊಗಳುತ್ತಾರೆ. ನನಗೆ ಅದು ಸಾಹಸವಾಗಿ ಕಾಣುವುದಿಲ್ಲ. ಪ್ರತಿಯೊಬ್ಬ ಆಟಗಾರನ ಹಿಂದುಮುಂದನ್ನು ಬಿಡುವಿನ ದಿನಗಳಲ್ಲಿ ಅರಿತುಕೊಂಡವರಿಗೆ ಮಾತ್ರ ಸಂಕಟದ ದಿನ ಅಂಥ ದಾರಿ ಹೊಳೆಯುತ್ತದೆ. ಹರಗಿ ಕಾಯ್ದಿಟ್ಟ ಹಸಿಯೇ ಅಂದು ಕೈಹಿಡಿಯಿತು.

ಈ ಚರಿತ್ರೆ ನನಗೆ ದೂರದ ಮಾತಲ್ಲ. ಬರುವ ವರ್ಷಕ್ಕೆ ಕಾಲೇಜಿನ ತಂಡದ ನಾಯಕತ್ವ ನನ್ನ ಪಾಲಿಗೆ ಬಂದಿದೆ. ಕೊನೆಯ ವರ್ಷದ ಐವರು ಗೆಳೆಯರು ಪದವಿ ಮುಗಿಸಿ ಹೊರಟಿದ್ದಾರೆ. ಹೊಸಬರೂ ಹಳಬರೂ ಸೇರಿ ಇಪ್ಪತ್ತೆರಡು ಹೆಸರುಗಳ ಪಟ್ಟಿ ನನ್ನ ಮೇಜಿನ ಮೇಲಿದೆ. ಆಡುವವರು ಹನ್ನೊಂದೇ ಜನ. ಎರಡು ವರ್ಷ ಹಿಂಬದಿಯಲ್ಲಿ ನನ್ನ ಪಕ್ಕದಲ್ಲೇ ಆಡಿದ, ನಮ್ಮೂರಿನವನೇ ಆದ ಒಬ್ಬ ಗೆಳೆಯನ ಜಾಗಕ್ಕೆ ಈಗ ಅವನಿಗಿಂತ ಚುರುಕಾದ ಹುಡುಗ ಬಂದಿದ್ದಾನೆ. ಒಂದೇ ಊರು, ಒಂದೇ ಬಸ್ಸು, ಎಷ್ಟೋ ದಿನ ಒಂದೇ ಬುತ್ತಿ. ಅವನನ್ನು ಕೈಬಿಡುವ ಮೊದಲು, ಬೇರೆ ಯಾವ ಜಾಗದಲ್ಲಿ ಅವನು ತಂಡಕ್ಕೆ ಒದಗಬಹುದೆಂದು ಈ ರಜೆಯಲ್ಲಿ ಪರೀಕ್ಷಿಸಿ ನೋಡಬೇಕೆಂದು ನಮ್ಮ ದೈಹಿಕ ಶಿಕ್ಷಣದ ಗುರುಗಳಲ್ಲಿ ಕೇಳಿಕೊಂಡಿದ್ದೇನೆ. ಎಲ್ಲಿಯೂ ಒದಗದಿದ್ದರೆ ಆ ಮಾತನ್ನು ಫಲಕದ ಮೇಲಿನ ಪಟ್ಟಿ ಹೇಳಬಾರದು; ನಾನೇ ಅವನ ಮನೆಗೆ ಹೋಗಿ ಹೇಳಬೇಕು. ಮಗನನ್ನು ಹೊರಗೆ ಕೂರಿಸಿದ ತಂದೆಯ ಕಥೆ ಓದಿದ ಮೇಲೆ ಇದಕ್ಕಿಂತ ಸುಲಭದ ದಾರಿಯನ್ನು ಹುಡುಕಲು ನನಗೆ ಮನಸ್ಸಾಗಲಿಲ್ಲ.

ಜಕಾರ್ತದಿಂದ ಹಿಂದಿರುಗಿದ ರಹೀಮ್ ಸಾಹೇಬರು ಹೆಚ್ಚು ಕಾಲ ಬದುಕಲಿಲ್ಲ. 1963ರ ಜೂನ್ 11ರಂದು, ಐವತ್ತನಾಲ್ಕು ತುಂಬುವ ಮೊದಲೇ, ಅವರು ಕಣ್ಣುಮುಚ್ಚಿದರು. ಭಾರತ ಆಮೇಲೆ ಏಷ್ಯಾ ಕೂಟದ ಕಾಲ್ಚೆಂಡಿನಲ್ಲಿ ಬಂಗಾರ ಗೆದ್ದಿಲ್ಲ. 1970ರಲ್ಲಿ ಬ್ಯಾಂಕಾಕಿನಲ್ಲಿ ಬಂದ ಕಂಚಿನ ಪದಕವೇ ಕೊನೆಯದು. ಆಟಗಾರರು ನಮ್ಮಲ್ಲಿ ಹುಟ್ಟದೆ ಹೋದರೆಂದು ಹೇಳಲಾಗದು. ಪ್ರೇಕ್ಷಕರಿಲ್ಲದ, ಪತ್ರಿಕೆಗಳು ಬರೆಯದ ತಿಂಗಳುಗಳಲ್ಲಿ ಖಾಲಿ ಮೈದಾನಕ್ಕೆ ಬಂದು, ಹುಡುಗರ ದುರ್ಬಲ ಕಾಲನ್ನು ತಿದ್ದುತ್ತ ನಿಲ್ಲುವ ಮಾಸ್ತರರು ವಿರಳವಾದರು. ಹೈದರಾಬಾದಿನ ಆ ಶಾಲಾಮಾಸ್ತರರು ಸಂಜೆಯ ಹೊತ್ತು ಮಾಡುತ್ತಿದ್ದುದು ಇಷ್ಟನ್ನೇ. ಒಂದು ಮೈದಾನವೂ ಒಬ್ಬ ಸಹನೆಯ ಗುರುವೂ ಇದ್ದ ಕಡೆ ಅದನ್ನು ಮತ್ತೆ ಮಾಡಬಹುದು.