ರೇಡಿಯಂಗೂ ಮೊದಲು ಉಕ್ಕು

ಮಕ್ಕಳೇ, ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಒಂದು ಅಯಸ್ಕಾಂತ, ಒಂದು ಕಬ್ಬಿಣದ ಮೊಳೆ, ಒಂದು ಹೊಲಿಗೆ ಸೂಜಿ ಮತ್ತು ಕೆಲವು ಗುಂಡುಸೂಜಿಗಳನ್ನು ತೆಗೆದುಕೊಳ್ಳಿ. ಅಯಸ್ಕಾಂತದ ಒಂದು ತುದಿಯಿಂದ ಮೊಳೆಯನ್ನು ಒಂದೇ ದಿಕ್ಕಿನಲ್ಲಿ ಮೂವತ್ತು ಸಲ ಉಜ್ಜಿ. ಸೂಜಿಯನ್ನೂ ಹಾಗೆಯೇ ಉಜ್ಜಿ. ಮೊನೆ ಚುಚ್ಚದಂತೆ ಎಚ್ಚರವಿರಲಿ. ಈಗ ಎರಡನ್ನೂ ಗುಂಡುಸೂಜಿಗಳ ಹತ್ತಿರ ಹಿಡಿದು ನೋಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಮೊಳೆಯ ಕಾಂತತ್ವ ಬೇಗ ಕುಗ್ಗುತ್ತದೆ. ಸೂಜಿಯದು ಹೆಚ್ಚು ಕಾಲ ಉಳಿಯುತ್ತದೆ.

ಹೀಗೇಕೆ? ಮೊಳೆ ಮೆದು ಕಬ್ಬಿಣದ್ದು, ಸೂಜಿ ಗಟ್ಟಿ ಉಕ್ಕಿನದು. ಹಾಗಾದರೆ ಯಾವ ಬಗೆಯ ಉಕ್ಕು ಕಾಂತತ್ವವನ್ನು ಎಲ್ಲಕ್ಕಿಂತ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ? 1894ರಲ್ಲಿ ಪ್ಯಾರಿಸ್ ನಗರದಲ್ಲಿ ಬಡ ವಿದ್ಯಾರ್ಥಿನಿಯೊಬ್ಬಳು ಈ ಪ್ರಶ್ನೆಯ ಬೆನ್ನು ಹತ್ತಿದಳು. ಆಕೆಯ ಹೆಸರನ್ನು ನೀವು ಕೇಳಿದ್ದೀರಿ. ಅವರೇ ಮುಂದೆ ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ. ರೇಡಿಯಂ ಕಥೆ ಬಹಳ ಜನರಿಗೆ ಗೊತ್ತು. ಅದಕ್ಕೂ ಹಿಂದಿನ ಉಕ್ಕಿನ ಕಥೆಯನ್ನು ಇಂದು ತಿಳಿಯೋಣ.

ಬಾಗಿಲು ಮುಚ್ಚಿದ ವಿಶ್ವವಿದ್ಯಾಲಯ

ಮೇರಿ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗಿನ ಹೆಸರು ಮರಿಯಾ ಸ್ಕ್ಲೊಡೊವ್‌ಸ್ಕಾ. ಆ ಕಾಲದಲ್ಲಿ ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಹತ್ತನೆಯ ವಯಸ್ಸಿನಲ್ಲೇ ಮೇರಿ ತಾಯಿಯನ್ನು ಕಳೆದುಕೊಂಡರು. 1883ರಲ್ಲಿ ಚಿನ್ನದ ಪದಕ ಪಡೆದು ಶಾಲೆ ಮುಗಿಸಿದರು. ಆದರೆ ವಾರ್ಸಾದ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ!

ಮುಂದೆ ಓದಬೇಕೆಂದರೆ ದೂರದ ಪ್ಯಾರಿಸಿಗೆ ಹೋಗಬೇಕು. ಅದಕ್ಕೆ ಹಣ ಎಲ್ಲಿಂದ ಬರಬೇಕು? ಅಕ್ಕ ಬ್ರೋನ್ಯಾಳಿಗೂ ವೈದ್ಯೆಯಾಗುವ ಆಸೆ. ಆಗ ಅಕ್ಕತಂಗಿಯರು ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸಿಗೆ ಹೋಗಿ ಓದುವುದು, ತಂಗಿ ದುಡಿದು ಹಣ ಕಳಿಸುವುದು. ಅಕ್ಕನ ಓದು ಮುಗಿದ ಮೇಲೆ ತಂಗಿಯನ್ನು ಕರೆಸಿಕೊಳ್ಳುವುದು.

ಹದಿನೆಂಟರ ಮೇರಿ ಹಳ್ಳಿಯೊಂದರ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಬಿಡುವಿನ ವೇಳೆಯಲ್ಲಿ ಆ ಹಳ್ಳಿಯ ಬಡ ರೈತರ ಮಕ್ಕಳನ್ನು ಕೂರಿಸಿಕೊಂಡು ಪೋಲಿಷ್ ಓದು ಬರಹ ಕಲಿಸಿದರು. ಆಗ ಅದು ಅಪರಾಧ. ಸಿಕ್ಕಿಬಿದ್ದರೆ ಶಿಕ್ಷೆ ಖಂಡಿತ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಾವೇ ಭೌತಶಾಸ್ತ್ರ, ಗಣಿತದ ಪುಸ್ತಕಗಳನ್ನು ಓದಿಕೊಳ್ಳುತ್ತಿದ್ದರು. ಹೀಗೆ ವರ್ಷಗಳು ಉರುಳಿದವು. ತಮ್ಮ ಸರದಿ ಬರುವ ಹೊತ್ತಿಗೆ ಅವರಿಗೆ ಇಪ್ಪತ್ತನಾಲ್ಕು ವರ್ಷ ತುಂಬುತ್ತಿತ್ತು.

ಚಳಿಯ ಕೋಣೆ, ಮೊದಲ ಸ್ಥಾನ

1891ರ ನವೆಂಬರಿನಲ್ಲಿ ಮೇರಿ ಪ್ಯಾರಿಸಿನ ಸೋರ್ಬಾನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಹೊಸ ಕಷ್ಟ ಕಾದಿತ್ತು. ಪಾಠಗಳೆಲ್ಲ ಫ್ರೆಂಚ್ ಭಾಷೆಯಲ್ಲಿ. ಜೊತೆಯವರಷ್ಟು ಗಣಿತವೂ ತಮಗೆ ಬರುವುದಿಲ್ಲವೆಂದು ಅವರಿಗೆ ಅರಿವಾಯಿತು. ಆದರೂ ಹಿಂಜರಿಯಲಿಲ್ಲ. ಓದಿಗೆ ಅನುಕೂಲವೆಂದು ಅಕ್ಕನ ಮನೆಯನ್ನು ಬಿಟ್ಟು, ಕಾಲೇಜಿನ ಸಮೀಪದಲ್ಲಿ ಮಾಡಿನ ಕೆಳಗಿನ ಪುಟ್ಟ ಕೋಣೆಯೊಂದನ್ನು ಬಾಡಿಗೆಗೆ ಹಿಡಿದರು. ಚಳಿಗಾಲದ ರಾತ್ರಿ ಅಲ್ಲಿ ಪಾತ್ರೆಯ ನೀರು ಹೆಪ್ಪುಗಟ್ಟುತ್ತಿತ್ತು. ಇದ್ದಬದ್ದ ಬಟ್ಟೆಯನ್ನೆಲ್ಲ ಹೊದಿಕೆಯ ಮೇಲೆ ಹೇರಿಕೊಂಡು ಮಲಗುತ್ತಿದ್ದರು. ಎಷ್ಟೋ ದಿನ ಬ್ರೆಡ್ಡು, ಚಹಾ ಇಷ್ಟೇ ಊಟ. ಒಮ್ಮೆ ಹಸಿವಿನಿಂದ ತಲೆಸುತ್ತಿ ಬಿದ್ದದ್ದೂ ಉಂಟು.

1893ರಲ್ಲಿ ಭೌತಶಾಸ್ತ್ರದ ಪದವಿ ಪರೀಕ್ಷೆಯ ಫಲಿತಾಂಶ ಬಂತು. ಮೇರಿಗೆ ಮೊದಲ ಸ್ಥಾನ! ಇದನ್ನು ಇಂದಿನ ಸ್ನಾತಕೋತ್ತರ ಪದವಿಗೆ ಹೋಲಿಸುವುದುಂಟು. ಗಣಿತದಲ್ಲೂ ಪದವಿ ಪಡೆಯಬೇಕೆಂಬ ಆಸೆ ಅವರಿಗಿತ್ತು. ಆದರೆ ಕೈಯಲ್ಲಿದ್ದ ಹಣ ಮುಗಿದಿತ್ತು. ಆ ಹೊತ್ತಿಗೆ ಪೋಲೆಂಡಿನಿಂದ 600 ರೂಬಲ್‌ಗಳ ವಿದ್ಯಾರ್ಥಿವೇತನ ದೊರೆಯಿತು. ಅದರ ನೆರವಿನಿಂದ 1894ರಲ್ಲಿ ಗಣಿತದ ಪದವಿಯನ್ನು ಎರಡನೆಯ ಸ್ಥಾನದೊಂದಿಗೆ ಪಡೆದರು.

ಉಕ್ಕಿನ ಗುಟ್ಟು

ಅದೇ ವರ್ಷ ಅವರಿಗೆ ಮೊದಲ ಸಂಶೋಧನೆಯ ಕೆಲಸ ಸಿಕ್ಕಿತು. ಫ್ರಾನ್ಸಿನ ಕೈಗಾರಿಕೆಗಳಿಗೆ ಉತ್ತೇಜನ ನೀಡುವ ಸಂಘವೊಂದು ಬೇರೆ ಬೇರೆ ಉಕ್ಕುಗಳ ಕಾಂತಗುಣವನ್ನು ಪರೀಕ್ಷಿಸಲು ಅವರಿಗೆ ಹಣ ಕೊಟ್ಟಿತು.

ಕುಲುಮೆಯಲ್ಲಿ ಕಮ್ಮಾರರು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದನ್ನು ನೀವು ನೋಡಿರಬಹುದು. ಚುಂಯ್ ಎಂದು ಸದ್ದಾಗಿ ಹಬೆ ಏಳುತ್ತದೆ. ಹೀಗೆ ಥಟ್ಟನೆ ತಣ್ಣಗಾದ ಉಕ್ಕು ಗಟ್ಟಿಯಾಗುತ್ತದೆ. ಒಂದು ಲೋಹದ ಗುಣ ಎರಡು ಸಂಗತಿಗಳನ್ನು ಅವಲಂಬಿಸುತ್ತದೆ. ಒಂದು, ಅದರಲ್ಲಿ ಏನೇನು ಬೆರೆತಿದೆ ಎಂಬುದು. ಇನ್ನೊಂದು, ಅದನ್ನು ಹೇಗೆ ಕಾಯಿಸಿ ಹೇಗೆ ತಣಿಸಿದ್ದಾರೆ ಎಂಬುದು. ಇಂಥ ವಿಷಯಗಳನ್ನು ಅಭ್ಯಾಸ ಮಾಡುವ ಶಾಸ್ತ್ರವನ್ನು ಇಂದು ವಸ್ತು ವಿಜ್ಞಾನ ಎನ್ನುತ್ತೇವೆ. ಮೇರಿ ಮಾಡಿದ್ದೂ ಇದನ್ನೇ.

ಈ ಕೆಲಸಕ್ಕೆ ಅವರಿದ್ದ ಪ್ರಯೋಗಾಲಯದಲ್ಲಿ ಜಾಗ ಸಾಲದು. ಪರಿಚಯದ ಪೋಲಿಷ್ ವಿಜ್ಞಾನಿಯೊಬ್ಬರು ಜಾಗ ಕೊಡಿಸಬಹುದೆಂದು ಪಿಯರೆ ಕ್ಯೂರಿ ಎಂಬುವರನ್ನು ಭೇಟಿ ಮಾಡಿಸಿದರು. ಪಿಯರೆ ಕೂಡ ಕಾಂತತ್ವವನ್ನೇ ಅಭ್ಯಾಸ ಮಾಡುತ್ತಿದ್ದರು. ಒಂದು ನಿರ್ದಿಷ್ಟ ಉಷ್ಣತೆ ದಾಟಿದರೆ ಕಬ್ಬಿಣ ತನ್ನ ಕಾಂತತ್ವ ಕಳೆದುಕೊಳ್ಳುತ್ತದೆ. ಆ ಉಷ್ಣತೆಗೆ ಇಂದು ಕ್ಯೂರಿ ಉಷ್ಣತೆ ಎಂದೇ ಹೆಸರು. 1895ರ ಜುಲೈನಲ್ಲಿ ಇಬ್ಬರೂ ಮದುವೆಯಾದರು.

ಮೇರಿ ಬಗೆಬಗೆಯ ಉಕ್ಕಿನ ಮಾದರಿಗಳನ್ನು ತರಿಸಿದರು. ಒಂದೊಂದನ್ನೂ ಕಾಯಿಸಿದರು, ತಣಿಸಿದರು, ಅಳೆದರು. ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂ ಬೆರೆಸಿ ಸರಿಯಾದ ಹದ ಕೊಟ್ಟ ಉಕ್ಕಿನಿಂದ ಒಳ್ಳೆಯ ಶಾಶ್ವತ ಅಯಸ್ಕಾಂತ ಮಾಡಬಹುದೆಂದು ತೋರಿಸಿದರು. 1897ರಲ್ಲಿ ಮಗಳು ಐರೀನ್ ಹುಟ್ಟಿದಳು. ಮರುವರ್ಷ ಉಕ್ಕಿನ ವರದಿ ಅಚ್ಚಾಯಿತು.

ಹಿಂದಿರುಗಿದ ಹಣ

ಈ ಕೆಲಸದಿಂದ ಬಂದ ಹಣದಲ್ಲಿ ಮೇರಿ ಏನು ಮಾಡಿದರು ಗೊತ್ತೇ? ಸ್ವಲ್ಪ ಸ್ವಲ್ಪವಾಗಿ ಉಳಿಸಿ, ತಮಗೆ ಬಂದಿದ್ದ ವಿದ್ಯಾರ್ಥಿವೇತನದ 600 ರೂಬಲ್‌ಗಳನ್ನೂ ಹಿಂದಕ್ಕೆ ಕಳಿಸಿದರು! ಅದು ಸಾಲವಾಗಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಕೊಟ್ಟವರಿಗೇ ಆಶ್ಚರ್ಯವಾಯಿತು. ಆದರೆ ತಮ್ಮಂತೆಯೇ ಇನ್ನೊಬ್ಬ ಬಡ ವಿದ್ಯಾರ್ಥಿಗೆ ಆ ಹಣ ಬೇಕಾಗಿರುತ್ತದೆ ಎಂಬುದು ಮೇರಿಯ ಯೋಚನೆ. ಅಕ್ಕನ ಓದಿಗಾಗಿ ತಾವು ದುಡಿದರು, ಆಮೇಲೆ ಅಕ್ಕ ಇವರಿಗೆ ನೆರವಾದಳು. ಈಗ ಅದೇ ನೆರವು ಗುರುತೇ ಇಲ್ಲದ ಮತ್ತೊಬ್ಬರ ಕಡೆಗೆ ಸಾಗಿತು.

ಉಕ್ಕನ್ನು ಅಳೆಯುತ್ತ ಕಲಿತ ತಾಳ್ಮೆ ಮುಂದೆಯೂ ನೆರವಾಯಿತು. 1898ರಲ್ಲಿ ಮೇರಿ ಮತ್ತು ಪಿಯರೆ ಎರಡು ಹೊಸ ಧಾತುಗಳನ್ನು ಕಂಡುಹಿಡಿದರು. ಮೊದಲನೆಯದಕ್ಕೆ ತಾಯ್ನಾಡಿನ ನೆನಪಿಗೆ ಪೊಲೊನಿಯಂ ಎಂದು ಹೆಸರಿಟ್ಟರು. ಎರಡನೆಯದು ರೇಡಿಯಂ. ಮೇರಿಗೆ 1903ರಲ್ಲಿ ಭೌತಶಾಸ್ತ್ರಕ್ಕೂ 1911ರಲ್ಲಿ ರಸಾಯನಶಾಸ್ತ್ರಕ್ಕೂ ನೊಬೆಲ್ ಬಹುಮಾನ ಬಂತು. 1934ರ ಜುಲೈ 4ರಂದು ಅವರು ತೀರಿಕೊಂಡರು.

ಈಗ ನಿಮ್ಮ ಸೂಜಿಯನ್ನು ಒಂದು ಡಬ್ಬಿಯಲ್ಲಿ ಜೋಪಾನವಾಗಿಡಿ. ಇಂದು ಅದು ಎಷ್ಟು ಗುಂಡುಸೂಜಿ ಎತ್ತಿತು? ಒಂದು ವಾರದ ನಂತರ ಎಷ್ಟು? ಒಂದು ತಿಂಗಳ ನಂತರ ಎಷ್ಟು? ದಿನಾಂಕ ಹಾಕಿ ಬರೆದಿಡಿ. ಬೇರೆ ಬೇರೆ ಸೂಜಿಗಳನ್ನೂ ಪರೀಕ್ಷಿಸಿ. ಮೇರಿ ಕೂಡ ಮೊದಲು ಮಾಡಿದ್ದು ಇಂಥದ್ದೇ ಕೆಲಸ.